ಡಿಸ್ಕ್ ಕೈಯಲ್ಲಿದೆ, ಗೇಮ್ ಎಲ್ಲಿದೆ?

ಕನ್ಸೋಲ್‌ಗೆ ಹೊಸ ಡಿಸ್ಕ್ ಹಾಕಿದಾಗ ಗರ್ ಅಂತ ಸದ್ದು ಬರುತ್ತದಲ್ಲ, ಅದು ಇನ್‌ಸ್ಟಾಲ್ ಮುಗಿಯುವ ತನಕ ಮಾತ್ರ. ಆಮೇಲೆ ನೀವು ರಾತ್ರಿಯಿಡೀ ಆಡಿದರೂ ಡಿಸ್ಕ್ ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತದೆ.

ಯಾಕೆಂದರೆ ಅದು ತುಂಬಾ ನಿಧಾನ. ಪ್ಲೇಸ್ಟೇಷನ್ 4ರ ಬ್ಲೂ-ರೇ ಡ್ರೈವ್ ಸೆಕೆಂಡಿಗೆ ಹೆಚ್ಚೆಂದರೆ 27 ಎಂಬಿ ಓದುತ್ತಿತ್ತು. ಪ್ಲೇಸ್ಟೇಷನ್ 5ರ ಒಳಗಿನ ಎಸ್‌ಎಸ್‌ಡಿ (ಗೇಮ್ ಇನ್‌ಸ್ಟಾಲ್ ಆಗಿ ಕೂರುವ ಜಾಗ) ಸೆಕೆಂಡಿಗೆ ಓದುವುದು 5.5 ಜಿಬಿ, ಹತ್ತಿರ ಹತ್ತಿರ 200 ಪಟ್ಟು. ಇಷ್ಟು ವೇಗ ನಂಬಿ ಬರೆದ ಗೇಮ್ ಡಿಸ್ಕ್‌ನಿಂದ ನೇರವಾಗಿ ಓಡುವ ಮಾತೇ ಇಲ್ಲ. ಹಾಗಾಗಿ ಡಿಸ್ಕ್ ತಂದರೂ ಡೌನ್‌ಲೋಡ್ ಮಾಡಿದರೂ ಗೇಮ್ ಓಡುವುದು ಅದೇ ಎಸ್‌ಎಸ್‌ಡಿಯಿಂದ, ಲೋಡ್ ಆಗುವುದು ಅಷ್ಟೇ ಬೇಗ, ತಿನ್ನುವ ಜಾಗವೂ ಅಷ್ಟೇ. ಇನ್‌ಸ್ಟಾಲ್ ಆದ ಮೇಲೆ ಡಿಸ್ಕ್ ಬರೀ ಬೀಗದ ಕೈ, ಗೇಮ್ ನಿಮ್ಮದು ಅಂತ ತೋರಿಸುವುದಕ್ಕೆ ಅಷ್ಟೇ. ಡಿಜಿಟಲ್ ತಗೊಂಡರೆ ಆ ಕೀ ನಿಮ್ಮ ಅಕೌಂಟಿನಲ್ಲಿರುತ್ತದೆ.

ಆದರೂ ಎಂಥ ಕೀ ನೋಡಿ! ಬ್ಲೂ-ರೇ ಡಿಸ್ಕನ್ನು ಬೆಳಕಿಗೆ ಹಿಡಿದು ವಾಲಿಸಿದರೆ ಸಿಡಿಯಷ್ಟು ಢಾಳಾಗಿ ಕಾಮನಬಿಲ್ಲು ಕಾಣುವುದಿಲ್ಲ. ಸಿಡಿಯಲ್ಲಿ ಡೇಟಾದ ಒಂದು ಸಾಲಿಂದ ಇನ್ನೊಂದಕ್ಕೆ 1.6 ಮೈಕ್ರೊಮೀಟರ್ ಅಂತರ, ಇಲ್ಲಿ 0.32 ಮಾತ್ರ. ಒಂದು ತಲೆಗೂದಲಿನ ಅಗಲದಲ್ಲಿ ಇನ್ನೂರು ಸಾಲು ಆರಾಮಾಗಿ ಹಿಡಿಸುತ್ತವೆ. ಅಷ್ಟು ಸಣ್ಣದನ್ನು ಓದಲು 405 ನ್ಯಾನೊಮೀಟರ್‌ನ ನೇರಳೆ ಲೇಸರ್ ಬೇಕು. ಡೇಟಾದ ಮೇಲಿರುವ ಹೊದಿಕೆ ಬರೀ 0.1 ಮಿಲಿಮೀಟರ್ ದಪ್ಪ, ಅದಕ್ಕೇ ಗೀರು ಬೀಳದ ಹಾಗೆ ಗಟ್ಟಿ ಲೇಪನ ಬಳಿದಿರುತ್ತಾರೆ.

ಈ ಕೀ ನಿಮ್ಮದೇ, ಮಾರಬಹುದು, ಸಾಲ ಕೊಡಬಹುದು. (ಸಾಲ ಕೊಟ್ಟದ್ದು ವಾಪಸ್ ಬರುತ್ತದಾ ಅನ್ನುವುದು ಬೇರೆ ಪ್ರಶ್ನೆ. ನನ್ನದೊಂದು ಇನ್ನೂ ಬಂದಿಲ್ಲ.) ಆದರೆ ಬೀಗವನ್ನೇ ಬದಲಾಯಿಸಿಬಿಟ್ಟರೆ? 2014ರಲ್ಲಿ ಬಂದ 'ದಿ ಕ್ರೂ' ಎಂಬ ಕಾರ್ ಗೇಮ್‌ನ ಸರ್ವರ್‌ಗಳನ್ನು ಅದರ ಕಂಪನಿ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಒಬ್ಬರೇ ಆಡುವುದಕ್ಕೂ ಆ ಗೇಮ್‌ಗೆ ಸರ್ವರ್ ಬೇಕಿತ್ತು, ಹಾಗಾಗಿ ಡಿಸ್ಕ್ ಇಟ್ಟುಕೊಂಡವರಿಗೂ ಅಂದಿಗೆ ಆಟ ಮುಗಿಯಿತು. ಇನ್ನು 2025ರಲ್ಲಿ ನಿಂಟೆಂಡೊ ಸ್ವಿಚ್ 2ರ ಜೊತೆ ಗೇಮ್-ಕೀ ಕಾರ್ಡ್ ಅಂತಲೇ ಒಂದು ಬಂತು. ಕಾರ್ಡ್ ಇರುತ್ತದೆ, ಅದರೊಳಗೆ ಗೇಮ್ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳಬೇಕು. ಪೆಟ್ಟಿಗೆ ಮಾತ್ರ ಚೆನ್ನಾಗಿದೆ ಬಿಡಿ.

ಡಿಜಿಟಲ್ ಕಡೆ ಅಂಗಡಿಯೇ ಮುಚ್ಚಬಹುದು. ನಿಂಟೆಂಡೊದ ಹಳೇ ಕನ್ಸೋಲ್‌ಗಳಾದ 3ಡಿಎಸ್ ಮತ್ತು ವೀ ಯು ಆನ್‌ಲೈನ್ ಅಂಗಡಿಗಳಲ್ಲಿ ಕೊಳ್ಳುವುದು 2023ರ ಮಾರ್ಚ್‌ನಲ್ಲಿ ನಿಂತಿತು, ಎಕ್ಸ್‌ಬಾಕ್ಸ್ 360ರದ್ದು 2024ರ ಜುಲೈನಲ್ಲಿ. ಮುಂಚೆ ಕೊಂಡದ್ದನ್ನು ಮತ್ತೆ ಇಳಿಸಿಕೊಳ್ಳಲು ಬಿಟ್ಟರು, ಆದರೆ ಡಿಜಿಟಲ್ ಆಗಿ ಮಾತ್ರ ಬಂದಿದ್ದ ಗೇಮ್‌ಗಳನ್ನು ಹೊಸದಾಗಿ ಆ ಕನ್ಸೋಲ್‌ಗಳಿಗೆ ಕೊಳ್ಳುವ ದಾರಿಯೇ ಇಲ್ಲ.

ಹಾಗಾಗಿ ಆನ್‌ಲೈನ್‌ನಲ್ಲೇ ಆಡುವ ಗೇಮ್‌ಗೆ ನಾನು ಡಿಸ್ಕ್ ಹುಡುಕಲು ಹೋಗುವುದಿಲ್ಲ, ಸರ್ವರ್ ಹೋದರೆ ಎರಡೂ ಹೋದಂತೆ. ಒಬ್ಬನೇ ಕೂತು ಆಡುವ ಕತೆಯ ಗೇಮ್ ಆದರೆ ಡಿಸ್ಕೇ ಬೇಕು. ಅದಕ್ಕೂ ಮುಂಚೆ ಪೆಟ್ಟಿಗೆಯ ಹಿಂದಿನ ಸಣ್ಣ ಅಕ್ಷರ ಓದುತ್ತೇನೆ. ಡೌನ್‌ಲೋಡ್ ಕಡ್ಡಾಯ ಅಂತ ಬರೆದಿದ್ದರೆ ವಾಪಸ್ ಇಟ್ಟುಬಿಡುತ್ತೇನೆ.