ಬಯೋಎಕಾನಮಿ ಓದಿ ಏನಾಗ್ತೀಯ ಅಂತ ಅಪ್ಪ ಕೇಳಿದರೆ?

ಪ್ರಶ್ನೆ: ಬಿ.ಎಸ್ಸಿ. ಅಗ್ರಿ ಮುಗಿಸಿದ್ದೇನೆ. ಜರ್ಮನಿಗೆ ಹೋಗಿ ಬಯೋಎಕಾನಮಿಯಲ್ಲಿ ಎಂ.ಎಸ್ಸಿ. ಮಾಡುವ ಆಸೆ. ಅಪ್ಪ "ಅದನ್ನ ಓದಿ ಏನಾಗ್ತೀಯ?" ಅಂತಾರೆ. ಡಾಕ್ಟರ್, ಇಂಜಿನಿಯರ್ ಅಂದ ಹಾಗೆ ಒಂದೇ ಮಾತಲ್ಲಿ ಹೇಳೋಕೆ ಬರ್ತಿಲ್ಲ. ಇದು ವಿಜ್ಞಾನದ ಕೋರ್ಸಾ, ವ್ಯಾಪಾರದ ಕೋರ್ಸಾ? ಸೇರಬಹುದಾ?

ಉತ್ತರ: ಈ ಪ್ರಶ್ನೆ ನನಗೆ ಆಗಾಗ ಬರುತ್ತಲೇ ಇರುತ್ತದೆ. ಕೇಳುವ ಮಕ್ಕಳು ಬೇರೆ ಬೇರೆ, ಅಪ್ಪಂದಿರ ಮಾತು ಮಾತ್ರ ಒಂದೇ. ನಿಮ್ಮ ತಂದೆ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಈ ಡಿಗ್ರಿಯ ಹೆಸರಿನ ಹುದ್ದೆ ಪೇಪರಿನ ಜಾಹೀರಾತಿನಲ್ಲಿ ಕಾಣಿಸುವುದೇ ಇಲ್ಲ.

ಹೆಸರು ದೊಡ್ಡದು, ವಿಷಯ ಹಳೆಯದು. ಪೆಟ್ರೋಲು, ಕಲ್ಲಿದ್ದಲಿನ ಬದಲು ಬೆಳೆ, ಮರ, ಪಾಚಿ, ಸಗಣಿ, ಕಸ ಇಂಥವುಗಳಿಂದ ಇಂಧನ, ಪ್ಲಾಸ್ಟಿಕ್, ಬಟ್ಟೆ ಮಾಡಿ ಮಾರುವ ವ್ಯವಹಾರಕ್ಕೆ ಬಯೋಎಕಾನಮಿ ಅಂತಾರೆ. ಆ ಮಾಡುವ ಕೆಲಸವನ್ನು ಕೆಮಿಕಲ್ ಇಂಜಿನಿಯರು ಕಲಿಯುತ್ತಾನೆ. ಬೆಳೆಯುವ ಕೆಲಸ ನಿಮಗೆ ಗೊತ್ತಿದೆ. ಇವೆರಡರ ನಡುವೆ ಒಂದು ಲೆಕ್ಕ ಇದೆಯಲ್ಲ, ಅದನ್ನು ಕಲಿಸುವುದು ಈ ಕೋರ್ಸು. ಎಂಥ ಲೆಕ್ಕ ಅಂತೀರಾ? ನಾನು ಕಬ್ಬಿನ ಸೀಮೆಯವನು, ಅಲ್ಲಿಂದಲೇ ಹೇಳುತ್ತೇನೆ.

ಕಾರ್ಖಾನೆಗೆ ಒಂದು ಟನ್ ಕಬ್ಬು ಹೋಯಿತು ಅನ್ನಿ. ಹೆಚ್ಚುಕಡಿಮೆ 100 ಕೆಜಿ ಸಕ್ಕರೆ ಬರುತ್ತದೆ. 45 ಕೆಜಿಯಷ್ಟು ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಗಟ್ಟಿ ಪಾಕ, ಮೊಲಾಸಿಸ್. 30 ಕೆಜಿ ಮೀರಿ ರಸ ಸೋಸಿದಾಗ ಉಳಿಯುವ ಮಡ್ಡಿ, ಅದೇ ಪ್ರೆಸ್‌ಮಡ್. 280ರಿಂದ 300 ಕೆಜಿ ಸಿಪ್ಪೆ, ಅದರಲ್ಲೂ ಅರ್ಧ ನೀರೇ. ಕಾಕಂಬಿಯಿಂದ 10 ಲೀಟರ್ ಆಸುಪಾಸು ಎಥನಾಲ್ ತೆಗೆಯಬಹುದು.

ಈಗ ಯಾರೋ ಒಬ್ಬರು ಬಂದು "ಈ ಸಿಪ್ಪೆ ಸುಮ್ನೆ ವೇಸ್ಟ್ ಆಗ್ತಿದೆ, ಇದರಿಂದ ತಟ್ಟೆ ಲೋಟ ಮಾಡೋಣ, ಪ್ಲಾಸ್ಟಿಕ್ ನಿಲ್ಲಿಸೋಣ" ಅಂತಾರೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಕಾರ್ಖಾನೆಯ ಹಿಂದುಗಡೆ ಹೋಗಿ ನಿಂತು ನೋಡಿ. ಸಿಪ್ಪೆ ಸೀದಾ ಬಾಯ್ಲರಿಗೆ ಹೋಗುತ್ತಿರುತ್ತದೆ. ಅದರ ಆವಿಯಿಂದಲೇ ಕಾರ್ಖಾನೆ ನಡೆಯುತ್ತದೆ. ಉಳಿದ ಕರೆಂಟನ್ನು ಗ್ರಿಡ್ಡಿಗೆ ಮಾರುವ ಕಾರ್ಖಾನೆಗಳೂ ಎಷ್ಟೋ ಇವೆ. ಪೇಪರ್ ಮಿಲ್ಲಿನವರಿಗೂ ಅದೇ ಸಿಪ್ಪೆ ಬೇಕು. ಊರ ಆಲೆಮನೆಯಲ್ಲಂತೂ ಅಂಗಳದಲ್ಲಿ ಒಣಗಿಸಿದ ಸಿಪ್ಪೆ ಇಲ್ಲದಿದ್ದರೆ ಕೊಪ್ಪರಿಗೆ ಕಾಯುವುದೇ ಇಲ್ಲ. ನೀವು ಸಿಪ್ಪೆಯನ್ನು ತಟ್ಟೆಗೆ ಎತ್ತಿಕೊಂಡರೆ ಬಾಯ್ಲರಿಗೆ ಏನು ಹಾಕುತ್ತಾರೆ? ಕಲ್ಲಿದ್ದಲು ಹಾಕಿದರೆ ನಿಮ್ಮ ಹಸಿರು ತಟ್ಟೆಯ ಹಿಂದೆ ಕಪ್ಪು ಹೊಗೆ. ಕಸ ಅಂತ ನಮಗೆ ಕಾಣುವುದಕ್ಕೆ ಬಹಳ ಸಲ ಆಗಲೇ ಒಬ್ಬ ಗಿರಾಕಿ ಇರುತ್ತಾನೆ.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗೋಣ. ಇಲ್ಲೇ ನನಗೆ ಈ ವಿಷಯದ ರುಚಿ ಹತ್ತಿದ್ದು. ಕಬ್ಬು ಬೆಳೆಯಲು ನಾಲೆ ನೀರು ಬೇಕು, ಯೂರಿಯಾ ಬೇಕು, ಟ್ರ್ಯಾಕ್ಟರಿಗೆ ಡೀಸೆಲ್ ಬೇಕು. ಇದರಿಂದ ಪರಿಸರಕ್ಕೆ ಬಿದ್ದ ಹೊರೆಯಲ್ಲಿ ಸಕ್ಕರೆಯ ಪಾಲೆಷ್ಟು, ಕಾಕಂಬಿಯ ಪಾಲೆಷ್ಟು? ಲೆಕ್ಕ ಸುಲಭವಾಗಲಿ ಅಂತ ಇವೆರಡನ್ನೇ ತೆಗೆದುಕೊಳ್ಳೋಣ. ತೂಕದ ಮೇಲೆ ಹಂಚಿದರೆ 145 ಕೆಜಿಯಲ್ಲಿ 45, ಅಂದರೆ ಕಾಕಂಬಿಯ ತಲೆಗೆ ಶೇ. 31. ಬೆಲೆಯ ಮೇಲೆ ಹಂಚೋಣ. ಸಕ್ಕರೆ ಕೆಜಿಗೆ 38 ರೂಪಾಯಿ, ಕಾಕಂಬಿ 10 ರೂಪಾಯಿ ಅಂತ ಇಟ್ಟುಕೊಳ್ಳಿ. 3,800ಕ್ಕೆ 450. ಕಾಕಂಬಿಯ ಪಾಲು ಶೇ. 11ರ ಒಳಗೇ ಇಳಿಯಿತು. ಗದ್ದೆ ಅದೇ, ಕಾರ್ಖಾನೆ ಅದೇ, ಎಥನಾಲೂ ಅದೇ. ಹಂಚುವ ರೀತಿ ಬದಲಾಯಿಸಿದ್ದಕ್ಕೇ ಅದರ ಮೇಲಿನ ಹೊರೆ ಮೂರನೇ ಒಂದು ಪಾಲಿಗೆ ಬಂತು. ಕಂಪನಿಯವರು ಬೆಲೆಯ ಲೆಕ್ಕವನ್ನೇ ತೋರಿಸುತ್ತಾರೆ ಅಂತ ಬೇರೆ ಹೇಳಬೇಕಾ?

ಹೀಗೆ ಗದ್ದೆಯಿಂದ ಹಿಡಿದು ತಿಪ್ಪೆಯವರೆಗೆ ಒಂದು ವಸ್ತುವಿನ ಜಾತಕ ಬರೆಯುವುದಕ್ಕೆ ಲೈಫ್ ಸೈಕಲ್ ಅಸೆಸ್‌ಮೆಂಟ್ ಅನ್ನುತ್ತಾರೆ, ಚಿಕ್ಕದಾಗಿ ಎಲ್‌ಸಿಎ. ಈ ಕೋರ್ಸಿನಿಂದ ನೀವು ಕೈಗೆ ಹಚ್ಚಿಕೊಂಡು ಬರಬೇಕಾದ ಕಸುಬು ಒಂದಿದ್ದರೆ ಅದು ಇದೇ. ಉಳಿದ ಪೇಪರುಗಳೆಲ್ಲ ಇದರ ಸುತ್ತಮುತ್ತ.

ಈಗ ಕಾಲೇಜಿನ ಮಾತು. ಜರ್ಮನಿಯಲ್ಲಿ ಈ ಹೆಸರಿಗೆ ಮೊದಲು ನೆನಪಾಗುವುದು ಸ್ಟುಟ್‌ಗಾರ್ಟ್‌ನ ಹೋಹೆನ್‌ಹೈಮ್ ವಿಶ್ವವಿದ್ಯಾಲಯ. ಅದು ಹುಟ್ಟಿದ ಕತೆಯೇ ಒಂದು ಪಾಠ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ, ಗಂಧಕದ ಮುಸುಕಿಗೆ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಪೈರು ಕೈಕೊಟ್ಟು ವುರ್ಟೆಂಬರ್ಗ್ ಸೀಮೆಯಲ್ಲಿ ಕ್ಷಾಮ. ಅಲ್ಲಿನ ರಾಜ ಒಂದನೇ ವಿಲ್ಹೆಲ್ಮ್, ರಾಣಿ ಕಥರೀನಾ ಇಬ್ಬರೂ ಸೇರಿ 1818ರಲ್ಲಿ ಅರಮನೆಯಲ್ಲೇ ಬೇಸಾಯದ ಶಾಲೆ ತೆರೆದರು. ಅದೇ ಇವತ್ತಿನ ಹೋಹೆನ್‌ಹೈಮ್. ಬಯೋಎಕಾನಮಿ ಎಂ.ಎಸ್ಸಿ. ಅಲ್ಲಿ 2014ರಿಂದ ಇದೆ. ಇಂಗ್ಲಿಷಿನಲ್ಲೇ ಪಾಠ, ನಾಲ್ಕು ಸೆಮಿಸ್ಟರ್, 120 ಕ್ರೆಡಿಟ್. ಅಗ್ರಿ, ಬಯಾಲಜಿ ಓದಿದವರೂ ಬರುತ್ತಾರೆ, ಎಕನಾಮಿಕ್ಸ್ ಓದಿದವರೂ ಬರುತ್ತಾರೆ. ನಿಮಗೆ ಬ್ಯಾಲೆನ್ಸ್ ಶೀಟ್ ತಲೆನೋವು, ಪಕ್ಕದಲ್ಲಿ ಕೂತವರಿಗೆ ಕಿಣ್ವ ತಲೆನೋವು. ವಿಜ್ಞಾನವಾ, ವ್ಯಾಪಾರವಾ ಅಂತ ಕೇಳಿದಿರಲ್ಲ, ಎರಡೂ. ಅದೇ ಅದರ ಬಲ, ಅದೇ ಅದರ ಕೊರತೆ.

ಅಲ್ಲಿ ನಡೆಯುವ ಕೆಲಸದ ಒಂದು ಮಾದರಿ ಹೇಳಲೇಬೇಕು. ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿ ಗೊತ್ತಲ್ಲ, ಅದರ ದಾಯಾದಿ ಒಂದನ್ನು ಯುರೋಪಿನಲ್ಲಿ ಸಲಾಡಿಗೆ ಬೆಳೆಯುತ್ತಾರೆ. ಗಡ್ಡೆ ಕಿತ್ತು ಕತ್ತಲೆ ಕೋಣೆಯಲ್ಲಿ ನಿಲ್ಲಿಸಿದರೆ ಬಿಳಿ ಮೊಗ್ಗಿನಂಥ ಎಲೆ ಬರುತ್ತದೆ. ಎಲೆ ತಟ್ಟೆಗೆ, ಗಡ್ಡೆ ತಿಪ್ಪೆಗೆ ಇಲ್ಲವೇ ಬಯೋಗ್ಯಾಸಿಗೆ. ಹೋಹೆನ್‌ಹೈಮ್‌ನವರು ಆ ಬಿಸಾಡುವ ಗಡ್ಡೆಯಿಂದ ಎಚ್‌ಎಂಎಫ್ ಅನ್ನುವ ರಾಸಾಯನಿಕ ತೆಗೆಯುತ್ತಿದ್ದಾರೆ. ಅದರಿಂದ ನೈಲಾನ್ ಮಾಡಬಹುದು, ಬಾಟಲಿ ಮಾಡಬಹುದು. ಕೆಮಿಸ್ಟರು ಅಲ್ಲಿಗೆ ಖುಷಿಯಾಗಿ ಎದ್ದು ಹೋಗುತ್ತಾರೆ. ನಿಮ್ಮ ಕೆಲಸ ಶುರುವಾಗುವುದೇ ಆಮೇಲೆ. ಗಡ್ಡೆ ಎಷ್ಟು ಕಿಲೋಮೀಟರ್ ದೂರದಿಂದ ತಂದರೆ ಗಿಟ್ಟುತ್ತದೆ? ಕೊಳೆಯದ ಹಾಗೆ ಎಷ್ಟು ದಿನ ಇಡಬಹುದು? ಬಯೋಗ್ಯಾಸಿನವನಿಗೆ ಬದಲಿಗೆ ಏನು ಸಿಗುತ್ತದೆ?

ನಿಮಗೆ ಸಸ್ಟೇನಬಲ್ ರಿಸೋರ್ಸ್ ಮ್ಯಾನೇಜ್‌ಮೆಂಟ್ ಅನ್ನುವ ಹೆಸರೂ ಕಣ್ಣಿಗೆ ಬಿದ್ದಿರುತ್ತದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದವರು ಫ್ರೈಸಿಂಗ್ ಊರಿನಲ್ಲಿ ನಡೆಸುವ ಕೋರ್ಸು ಅದು. ಅದರ ಬೇರು ಅರಣ್ಯಶಾಸ್ತ್ರದಲ್ಲಿದೆ. ಕಾಡು, ಮಣ್ಣು, ನೀರು, ಅವುಗಳ ಮೇಲೆ ಯಾರ ಹಕ್ಕು ಅನ್ನುವ ಕಡೆಗೆ ಜಾಸ್ತಿ ವಾಲುತ್ತದೆ. ಅದೇ ವಿಶ್ವವಿದ್ಯಾಲಯದ ಸ್ಟ್ರೌಬಿಂಗ್ ಕ್ಯಾಂಪಸ್ಸು ಬಯೋಎಕಾನಮಿಗೇ ಮೀಸಲು.

ಹಕ್ಕಿನ ಮಾತು ಯುರೋಪಿನವರದ್ದು ಅಂದುಕೊಳ್ಳಬೇಡಿ. 1980ರ ದಶಕದಲ್ಲಿ ಹರಿಹರದ ನಾರಿನ ಕಾರ್ಖಾನೆಗೆ ಮರ ಒದಗಿಸಲು ಸರ್ಕಾರ ಸುಮಾರು 30,000 ಹೆಕ್ಟೇರ್ ಊರೊಟ್ಟಿನ ಜಮೀನನ್ನು ಕರ್ನಾಟಕ ಪಲ್ಪ್‌ವುಡ್ ಅನ್ನುವ ಜಂಟಿ ಕಂಪನಿಗೆ ಬಿಟ್ಟುಕೊಡಲು ಹೊರಟಿತು. ಮರದಿಂದ ತಿರುಳು, ತಿರುಳಿನಿಂದ ಬಟ್ಟೆಯ ನೂಲು. ಇವತ್ತಿನ ಪಠ್ಯದಲ್ಲಿ ಅಪ್ಪಟ ಬಯೋಎಕಾನಮಿ. ಆದರೆ ಊರವರ ದನ ಮೇಯುವುದು, ಸೌದೆ ತರುವುದು ಅದೇ ಜಮೀನಿನಲ್ಲಿ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ಅಂತಲೇ ಅದಕ್ಕೆ ಹೆಸರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಿದರು. ಫ್ರೈಸಿಂಗ್‌ಗೆ ಅರ್ಜಿ ಹಾಕುವವರು ಇದನ್ನು ತಿಳಿದುಕೊಂಡು ಹೋದರೆ ಕ್ಲಾಸಿನಲ್ಲಿ ಹೇಳೋಕೆ ಒಂದು ಗಟ್ಟಿ ವಿಷಯ ಇರುತ್ತದೆ.

ಕಾಲೇಜಿನ ಬ್ರೋಷರು ನೋಡಿದರೆ ಈ ಕ್ಷೇತ್ರ ಓಡುತ್ತಲೇ ಇದೆ ಅನಿಸುತ್ತದೆ. ಎಡವಿದ್ದನ್ನೂ ನೋಡಿ. ಸ್ವಿಟ್ಜರ್ಲೆಂಡಿನ ಕ್ಲಾರಿಯೆಂಟ್ ಅನ್ನುವ ರಾಸಾಯನಿಕ ಕಂಪನಿ 2012ರಲ್ಲಿ ಅದೇ ಸ್ಟ್ರೌಬಿಂಗ್‌ನಲ್ಲಿ ಗೋಧಿ ಹುಲ್ಲಿನಿಂದ ಎಥನಾಲ್ ತೆಗೆಯುವ ಚಿಕ್ಕ ಘಟಕ ಮಾಡಿ ತೋರಿಸಿತು. ಆಮೇಲೆ ರೊಮೇನಿಯಾದ ಪೊದಾರಿಯಲ್ಲಿ ದೊಡ್ಡ ಕಾರ್ಖಾನೆಯನ್ನೇ ಕಟ್ಟಿತು. 2022ರಲ್ಲಿ ಉತ್ಪಾದನೆ ಶುರು. 2023ರ ಡಿಸೆಂಬರಿನಲ್ಲಿ ಮುಚ್ಚುತ್ತೇವೆ ಅಂದಿತು. ಚಿಕ್ಕ ಪಾತ್ರೆಯಲ್ಲಿ ಹದವಾಗಿ ಬಂದ ಸಾರು ಮದುವೆ ಕೊಪ್ಪರಿಗೆಯಲ್ಲೂ ಹಾಗೇ ಬರಬೇಕು ಅಂತೇನಿಲ್ಲವಲ್ಲ.

ದುಡ್ಡಿನ ವಿಷಯ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸು. ನಾಲ್ಕು ಸೆಮಿಸ್ಟರಿಗೆ 6,000. "ಜರ್ಮನೀಲಿ ಓದು ಫ್ರೀ" ಅಂತ ಏಜೆಂಟ್ ಹೇಳಿದರೆ ಈ ರಾಜ್ಯದ ಹೆಸರು ಹೇಳಿ ಮುಖ ನೋಡಿ. ಮ್ಯೂನಿಕ್‌ನವರು 2024ರ ಚಳಿಗಾಲದಿಂದ ಹೊಸದಾಗಿ ಸೇರುವ ಯುರೋಪಿನ ಹೊರಗಿನವರಿಗೆ ಫೀಸು ಇಟ್ಟಿದ್ದಾರೆ. ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಸೆಮಿಸ್ಟರಿಗೆ 4,000 ಇಲ್ಲವೇ 6,000 ಯೂರೋ. ಇದರ ಮೇಲೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು. ಯೂರೋಗೆ ನೂರು ರೂಪಾಯಿ ಹಿಡಿದರೂ 12 ಲಕ್ಷ ಆಯ್ತು. ಅದು ನಿಮ್ಮ ದುಡ್ಡೇ, ತಿಂಗಳಿಗೆ 992ರಂತೆ ವಾಪಸ್ ಬರುತ್ತದೆ. ಆದರೆ ಮೊದಲು ಒಟ್ಟಿಗೆ ಜೋಡಿಸಬೇಕಲ್ಲ. ಓದುವಾಗ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು. ಖರ್ಚಿಗೆ ಆದೀತು, ಫೀಸಿಗೆ ಅದನ್ನೇ ನಂಬಿಕೊಂಡು ಹೋಗಬೇಡಿ. ನಿಮ್ಮ ಅಂಕಪಟ್ಟಿ, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ವಿದ್ಯಾರ್ಥಿ ವೀಸಾಕ್ಕೆ 2022ರ ನವೆಂಬರಿನಿಂದ ಭಾರತದವರಿಗೆ ಕಡ್ಡಾಯ, ಅದನ್ನು ಎಲ್ಲಕ್ಕಿಂತ ಮೊದಲು ಹಾಕಿ.

ಕೆಲಸ ಸಿಗುತ್ತಾ? ಓದು ಮುಗಿದ ಮೇಲೆ ಜರ್ಮನಿಯಲ್ಲಿ ಕೆಲಸ ಹುಡುಕಲು 18 ತಿಂಗಳು ಇರಲು ಬಿಡುತ್ತಾರೆ. ಪಾಠ ಇಂಗ್ಲಿಷಿನಲ್ಲಿ, ಆಫೀಸು ಜರ್ಮನ್‌ನಲ್ಲಿ. ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡುವಷ್ಟು ಜರ್ಮನ್ ಇಲ್ಲದೆ ಎಡತಾಕುವವರು ಬಹಳ. ಎಲ್‌ಸಿಎ ವಿಶ್ಲೇಷಣೆ, ಪ್ರಮಾಣಪತ್ರ ಕೊಡುವ ಸಂಸ್ಥೆಗಳು, ಕಂಪನಿಗಳ ಸಸ್ಟೇನಬಿಲಿಟಿ ವಿಭಾಗ, ಇವು ಸಾಮಾನ್ಯ ದಾರಿಗಳು.

ವಾಪಸ್ ಬಂದರೂ ದಾರಿ ಇದೆ. ಕೇಂದ್ರ ಸರ್ಕಾರ 2024ರ ಆಗಸ್ಟಿನಲ್ಲಿ ಜೈವಿಕ ತಯಾರಿಕೆಗೆ ಒತ್ತು ಕೊಡುವ ಬಯೋಇ3 ನೀತಿಗೆ ಒಪ್ಪಿಗೆ ಕೊಟ್ಟಿದೆ. ಷೇರುಪೇಟೆಯ ಮೊದಲ 1,000 ಕಂಪನಿಗಳು ಆ ಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ವರ್ಷವರ್ಷ ಸಸ್ಟೇನಬಿಲಿಟಿ ವರದಿ ಕೊಡಲೇಬೇಕು. ನನಗೆ ಇದಕ್ಕಿಂತ ಹತ್ತಿರದ್ದು ಕಾಫಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ತೆಗೆದುಕೊಳ್ಳುವುದಿಲ್ಲ ಅಂತ ಯುರೋಪ್ ಕಾನೂನು ಮಾಡಿದೆ. ಜಾರಿ ಮುಂದೂಡುತ್ತಲೇ ಬಂದಿದ್ದಾರೆ, ಕಾನೂನು ಮಾತ್ರ ಹೋಗಿಲ್ಲ. ಕೊಡಗು, ಚಿಕ್ಕಮಗಳೂರಿನ ಎರಡು ಎಕರೆ ತೋಟದವರ ಕಾಫಿ ಕೂಡ ಯಾವ ಜಾಗದ್ದು ಅಂತ ಅಕ್ಷಾಂಶ ರೇಖಾಂಶದ ಸಮೇತ ತೋರಿಸಬೇಕು. ಅಡಿಕೆ ಹಾಳೆ ತಟ್ಟೆಯ ಪಾಡೂ ಹಾಗೇ. ಹಾಳೆಯಿಂದ ಅಡಿಕೆಯ ಸತ್ವ ಊಟಕ್ಕೆ ಇಳಿಯಬಹುದು, ಮಾರಬೇಡಿ ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಹೇಳಿತು. ಇಂಥ ಕಾಗದ ಬಂದಾಗ ಓದಿ, ತೋಟದವರಿಗೆ ಅರ್ಥವಾಗುವ ಹಾಗೆ ಹೇಳಿ, ತಿರುಗಿ ಲೆಕ್ಕದ ಸಮೇತ ಉತ್ತರ ಬರೆಯಬಲ್ಲವರು ನಮ್ಮಲ್ಲಿ ಕಡಿಮೆ. ಅಪ್ಪನಿಗೆ ಒಂದೇ ಮಾತಲ್ಲಿ ಹೇಳಬೇಕು ಅಂದರೆ ಇದನ್ನೇ ಹೇಳಿ.

ನನ್ನ ಅಭಿಪ್ರಾಯ ಕೇಳಿದರೆ, ಅಗ್ರಿ ಇಷ್ಟಪಟ್ಟು ಓದಿದ್ದೀರಿ, ಅದರ ಮುಂದಿನ ಲೆಕ್ಕ ಬೇಕು ಅನಿಸಿದ್ದರೆ ಹೋಗಿ. ಅಗ್ರಿ ಸಾಕಾಗಿದೆ, ಏನೋ ಒಂದು ಹೊಸ ಹೆಸರು ಬೇಕು ಅನಿಸಿದ್ದರೆ ಬೇಡ. ಸ್ವಂತ ವಿಷಯದಲ್ಲಿ ಹಿಡಿತ ಇಲ್ಲದವರಿಗೆ ಈ ಕೋರ್ಸು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸಿ ಯಾವುದನ್ನೂ ಪೂರ್ತಿ ಕಲಿಸದೆ ಕಳಿಸಿಬಿಡುತ್ತದೆ. ಅಂಥವರು ಇಲ್ಲೇ ಕೃಷಿ ಅರ್ಥಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿಕೊಂಡು ಎಲ್‌ಸಿಎ ಸಾಫ್ಟ್‌ವೇರ್ ಕಲಿತರೂ ನಷ್ಟವಿಲ್ಲ.

ಹೋಗುವುದೇ ಆದರೆ ಮೋಟಿವೇಶನ್ ಲೆಟರಿನಲ್ಲಿ "ಚಿಕ್ಕಂದಿನಿಂದಲೂ ನನಗೆ ಪರಿಸರ ಅಂದರೆ ಪ್ರೀತಿ" ಅಂತ ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಒಂದು ನೋಟ್‌ಬುಕ್ ತೆಗೆದುಕೊಂಡು ಹತ್ತಿರದ ಆಲೆಮನೆಗೋ ಅಡಿಕೆ ಸುಲಿಯುವ ಅಂಗಳಕ್ಕೋ ಒಂದು ದಿನ ಹೋಗಿ ಕೂತುಕೊಳ್ಳಿ. ಒಳಗೆ ಏನು ಬಂತು, ಹೊರಗೆ ಏನೇನು ಹೋಯಿತು, ಯಾವುದನ್ನು ಯಾರು ಒಯ್ದರು, ಎಷ್ಟಕ್ಕೆ, ಮಳೆ ಬಂದ ದಿನ ಏನು ಮಾಡುತ್ತಾರೆ. ಅಷ್ಟನ್ನೇ ಬರೆಯಿರಿ. ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ಈ ವರ್ಷ ಗಾಡಿ ಸಿಪ್ಪೆಗೆ ಏನು ರೇಟು ಅಂತ ನೀವು ಕೇಳುವುದಕ್ಕಿಂತ ಅವರು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.