ಗಾಯಗೊಂಡು ಬಿದ್ದ ಜಿಂಕೆಯನ್ನು ನಾವೇ ಕೊಂದು ನೋವು ತಪ್ಪಿಸಬಹುದೇ?

ಓದುಗರ ಪ್ರಶ್ನೆ: ನಮ್ಮದು ತಾಳವಾಡಿ ಕಡೆ, ಕಾಡಂಚಿನ ಜಮೀನು. ಅಮೆರಿಕದಲ್ಲಿ ಬಿಲ್ಲು ಬಾಣ ಹಿಡಿದು ಜಿಂಕೆ ಬೇಟೆಯಾಡುವವರ ವಿಡಿಯೋ ನೋಡುತ್ತಿರುತ್ತೇನೆ. ಬಾಣ ತಗುಲಿದ ಜಿಂಕೆ ಸಾಯದೆ ಒದ್ದಾಡಿದರೆ ಅವರೇ ಬೇಗ ಕೊಂದು ಮುಗಿಸುತ್ತಾರೆ. ನಮ್ಮಲ್ಲೂ ನಾಯಿ ಕಚ್ಚಿದ ಜಿಂಕೆ, ಗಾಡಿಗೆ ಸಿಕ್ಕ ಜಿಂಕೆ ಹೊಲದಲ್ಲಿ ಬಂದು ಬೀಳುತ್ತವೆ. ನರಳುವುದನ್ನು ನೋಡಲಿಕ್ಕಾಗುವುದಿಲ್ಲ. ನಾವೇ ಅದಕ್ಕೆ ಮುಕ್ತಿ ಕೊಟ್ಟರೆ ತಪ್ಪೇ?

ಉತ್ತರ: ತಪ್ಪು. ಕಾನೂನಿನ ಪ್ರಕಾರ ಅದು ಬೇಟೆಯೇ ಆಗುತ್ತದೆ. ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ನಿಮ್ಮ ಸಂಕಟಕ್ಕೆ ಉತ್ತರ ಸಿಕ್ಕ ಹಾಗಾಗುವುದಿಲ್ಲ. ಬಿದ್ದ ಜಿಂಕೆಗಾಗಿ ನೀವು ಮಾಡಬಹುದಾದದ್ದು ತುಂಬಾ ಇದೆ.

ಮೊದಲು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಗಾಯ ಮಾಡುವುದು, ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು ಕೂಡ ಬೇಟೆಯ ಲೆಕ್ಕಕ್ಕೇ ಬರುತ್ತವೆ. ಅಭಯಾರಣ್ಯದ ಒಳಗೆ ಬೇಟೆಯಾಡಿದರೆ ಕನಿಷ್ಠ 3 ವರ್ಷ ಜೈಲು. ಪ್ರಾಣಿ ಮತ್ತೆ ಚೇತರಿಸಿಕೊಳ್ಳುವುದೇ ಇಲ್ಲ ಎನ್ನುವಷ್ಟು ಜಖಂ ಆಗಿದ್ದರೆ ಅದನ್ನು ಕೊಲ್ಲಲು 11ನೇ ಕಲಮಿನಲ್ಲಿ ದಾರಿ ಇದೆ ನಿಜ. ಆದರೆ ಅದಕ್ಕೆ ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಯಾದ ಮುಖ್ಯ ವನ್ಯಜೀವಿ ವಾರ್ಡನ್ ಕಾರಣ ಬರೆದು ಲಿಖಿತ ಆದೇಶ ಕೊಡಬೇಕು. ಜಿಂಕೆಯಂಥ ಪ್ರಾಣಿಗಳ ವಿಷಯದಲ್ಲಿ ಅವರು ಅಧಿಕಾರ ಕೊಟ್ಟ ಅಧಿಕಾರಿಯೂ ಕೊಡಬಹುದು. ಜೀವ ಉಳಿಸಿಕೊಳ್ಳಲು ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎಂಬ ಮಾತೂ ಅದೇ ಕಲಮಿನಲ್ಲಿದೆ. ಕರುಣೆಯಿಂದ ಕೊಂದೆ ಎಂದರೆ ಅದು ಅನ್ವಯಿಸುವುದಿಲ್ಲ.

ಇನ್ನು ನೀವು ನೋಡಿದ ವಿಡಿಯೋಗಳ ಮಾತು. ಅಲ್ಲಿ ಬೇಟೆಗೆ ಪರವಾನಗಿ ಇದೆ, ಅದರದ್ದೇ ಕಾಲ ಇದೆ. ಎಲ್ಲ ದೇಶಗಳಲ್ಲೂ ಹಾಗಿಲ್ಲ. ಬ್ರಿಟನ್‌ನಲ್ಲಿ ಬೇಟೆ ಇದ್ದರೂ ಬಿಲ್ಲಿನಿಂದ ಜಿಂಕೆ ಹೊಡೆಯುವುದು ನಿಷಿದ್ಧ. ಬಾಣ ಗುಂಡಿನ ಹಾಗೆ ಏಟಿನ ಜೋರಿನಿಂದ ಕೊಲ್ಲುವುದಿಲ್ಲ. ಅದರ ಅಲಗು ಕೊಯ್ದು ರಕ್ತ ಹರಿಸುತ್ತದೆ. ಎರಡೂ ಶ್ವಾಸಕೋಶಕ್ಕೆ ಬಿದ್ದರೆ ಜಿಂಕೆ ಸ್ವಲ್ಪ ದೂರ ಓಡಿ ಬೇಗ ಬೀಳುತ್ತದೆ. ಹೊಟ್ಟೆಗೆ ಬಿದ್ದರೆ ಸಾವು ನಿಧಾನ. ಆಗ ಅನುಭವಸ್ಥ ಬೇಟೆಗಾರ ಬೆನ್ನು ಹತ್ತುವುದಿಲ್ಲ. 6ರಿಂದ 12 ಗಂಟೆ ಕಾಯುತ್ತಾನೆ. ಯಾಕೆಂದರೆ ಅಟ್ಟಿದರೆ ಅದು ಎದ್ದು ಮತ್ತೆ ಓಡುತ್ತದೆ, ಕೈಗೆ ಸಿಗದೆ ಎಲ್ಲೋ ನರಳಿ ಸಾಯುತ್ತದೆ. ಸುಮ್ಮನೆ ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಹತ್ತಿರ ಹೋಗುವಾಗಲೂ ಹಿಂದಿನಿಂದ, ಸದ್ದಿಲ್ಲದೆ. ಇನ್ನೂ ಜೀವವಿದ್ದರೆ ಎದೆಗೆ ಇನ್ನೊಂದು ಬಾಣ. ಆ ಕೊನೆಯ ಬಾಣ ನಮಗೆ ಬೇಡ. ಆದರೆ ಆ ಕಾಯುವುದು, ದೂರ ನಿಲ್ಲುವುದು, ಅದು ನಮಗೂ ಬೇಕು.

ನಮ್ಮಲ್ಲಿ ಆಗುವುದು ತದ್ವಿರುದ್ಧ. ಜಿಂಕೆ ಬಿದ್ದಿದೆ ಎಂದು ಗೊತ್ತಾದರೆ ಸಾಕು, ಊರೇ ಸೇರುತ್ತದೆ. ಒಬ್ಬರು ಕೊಂಬು ಹಿಡಿಯುತ್ತಾರೆ, ಇನ್ನೊಬ್ಬರು ಬಾಯಿಗೆ ನೀರು ಹಾಕುತ್ತಾರೆ, ಮಕ್ಕಳು ಮೈ ಸವರುತ್ತಾರೆ, ಸುತ್ತ ಮೊಬೈಲ್. ಎಲ್ಲರ ಮನಸ್ಸಿನಲ್ಲೂ ಕನಿಕರವೇ ಇರುತ್ತದೆ. ಆದರೆ ಜಿಂಕೆಗೆ ಮನುಷ್ಯನ ಕೈ ಎಂದರೆ ಹುಲಿಯ ಬಾಯಿಯೇ. ಅದು ಮಿಸುಕದೆ ಬಿದ್ದಿದ್ದರೆ ಸಮಾಧಾನವಾಗಿದೆ ಎಂದಲ್ಲ. ಭಯಕ್ಕೆ ಮರಗಟ್ಟಿರುತ್ತದೆ.

ಈ ಭಯವೇ ಕೊಲ್ಲುತ್ತದೆ. ನಾಯಿಗಳಿಂದ ತಪ್ಪಿಸಿಕೊಳ್ಳಲು ಜೀವ ಕೈಯಲ್ಲಿ ಹಿಡಿದು ಓಡಿದಾಗ, ಹಿಡಿದವರ ಕೈಯಲ್ಲಿ ಒದ್ದಾಡಿದಾಗ ಅದರ ಸ್ನಾಯುಗಳಲ್ಲಿ ಆಮ್ಲ ತುಂಬಿಕೊಳ್ಳುತ್ತದೆ. ಮೈ ಕಾದುಹೋಗುತ್ತದೆ. ಸ್ನಾಯು ಒಡೆದು ಅದರೊಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಕೆಲವು ಜಿಂಕೆಗಳು ಅಲ್ಲೇ ಸಾಯುತ್ತವೆ. ಕೆಲವು ಎದ್ದು ಹೋಗಿ ದಿನಗಳ ಮೇಲೆ ಸಾಯುತ್ತವೆ. ಪಶುವೈದ್ಯರು ಇದಕ್ಕೆ ಕ್ಯಾಪ್ಚರ್ ಮಯೋಪತಿ ಎನ್ನುತ್ತಾರೆ. ಹೊರಗಿನ ಗಾಯ ಸಣ್ಣದಿದ್ದರೂ ಜಿಂಕೆ ಉಳಿಯದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಹಾಗಾಗಿ ಮೊದಲ ಕೆಲಸ ಜನರನ್ನು ದೂರ ಸರಿಸುವುದು. ನಾಯಿಗಳನ್ನು ಓಡಿಸಿ, ಸಾಧ್ಯವಾದರೆ ಕಟ್ಟಿ. ಆಮೇಲೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ನಿಮ್ಮ ಭಾಗ ತಾಳವಾಡಿ ರೇಂಜೋ ಜೀರಹಳ್ಳಿ ರೇಂಜೋ ತಿಳಿದುಕೊಂಡು ರೇಂಜ್ ಆಫೀಸಿನ ನಂಬರ್, ಒಬ್ಬ ವಾಚರ್ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ಯಾರೂ ಸಿಗದಿದ್ದರೆ 112. ಜಾಗ, ಗಂಡೋ ಹೆಣ್ಣೋ, ಎದ್ದು ನಿಲ್ಲುತ್ತಿದೆಯೇ, ಮೂಳೆ ಹೊರಗೆ ಬಂದಿದೆಯೇ, ಎಷ್ಟು ಹೊತ್ತಾಯಿತು, ಇಷ್ಟು ಸರಿಯಾಗಿ ಹೇಳಿ. ಉಳಿಯುವ ಹಾಗೆ ಕಾಣುತ್ತಿಲ್ಲ, ಡಾಕ್ಟರನ್ನು ಕರೆದುಕೊಂಡೇ ಬನ್ನಿ ಎಂದು ಕೇಳಿಕೊಳ್ಳಲು ಹಿಂಜರಿಯಬೇಡಿ. ಆದೇಶ ಸಿಕ್ಕಿದರೆ ಡಾಕ್ಟರು ಔಷಧಿ ಕೊಟ್ಟು ನೋವಿಲ್ಲದೆ ಮುಗಿಸಬಲ್ಲರು. ಕತ್ತಿ, ದೊಣ್ಣೆಯಿಂದ ಅದು ಆಗುವುದಿಲ್ಲ. ರೂಢಿಯಿಲ್ಲದ ಕೈ ಹೊಡೆದರೆ ನೋವು ಜಾಸ್ತಿಯೇ ಆಗುತ್ತದೆ.

ಅವರು ಬರುವವರೆಗೆ ಬಾಯಿಗೆ ನೀರು, ಹಾಲು ಏನೂ ಹಾಕಬೇಡಿ. ಬಿದ್ದ ಪ್ರಾಣಿಗೆ ನುಂಗಲಾಗುವುದಿಲ್ಲ, ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಹೊರಳಿಸುವುದು, ಎಳೆಯುವುದು, ಕಾಲು ಕಟ್ಟಿ ಆಟೋಗೆ ಹಾಕುವುದು ಬೇಡ. ಬಿಸಿಲಿದ್ದರೆ ದೂರದಿಂದ ನೆರಳು ಮಾಡಿ. ತೀರಾ ಒದ್ದಾಡುತ್ತಿದ್ದರೆ ಒಬ್ಬರೇ ಬೆನ್ನ ಕಡೆಯಿಂದ ಹೋಗಿ ಕಣ್ಣಿನ ಮೇಲೆ ತೆಳು ಬಟ್ಟೆ ಹಾಕಬಹುದು, ಮೂಗು ಮುಚ್ಚಬಾರದು. ಕಣ್ಣಿಗೆ ಕತ್ತಲಾದರೆ ಅದು ಸ್ವಲ್ಪ ಶಾಂತವಾಗುತ್ತದೆ. ಕೊಂಬಿರುವ ಗಂಡಾದರೆ ಅದನ್ನೂ ಮಾಡಬೇಡಿ. ತಲೆ ಒಂದು ಸಲ ಕೊಡವಿದರೆ ಹೊಟ್ಟೆಗೇ ತಿವಿದೀತು.

ಗಾಯ ನೋಡಿದರೆ ಚಿರತೆಯದೋ ಸೀಳುನಾಯಿಯದೋ ಅನ್ನಿಸಿದರೆ? ಹಿಂದೆ ಸರಿಯಿರಿ. ಅದು ಅವುಗಳ ಊಟ, ಬೇಟೆಯಾಡಿದ ಪ್ರಾಣಿ ಪೊದೆಯಲ್ಲೇ ಕಾಯುತ್ತಿರಬಹುದು. ಸತ್ಯಮಂಗಲದ ಹುಲಿ ಮೀಸಲು ಪ್ರದೇಶಕ್ಕೆ ಅಂಟಿಕೊಂಡು ಬದುಕುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಗಾಯವೇ ಇಲ್ಲದೆ ಪೊದೆಯಲ್ಲಿ ಒಂಟಿಯಾಗಿ ಮಲಗಿದ ಮರಿಯನ್ನೂ ಎತ್ತಬೇಡಿ. ತಾಯಿ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ.

ಜಿಂಕೆ ಸತ್ತರೆ ಅದು ಸರ್ಕಾರದ ಸ್ವತ್ತು. ಗಾಡಿಗೆ ಸಿಕ್ಕಿ ಸತ್ತದ್ದೂ ಅಷ್ಟೇ. ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಹೇಗೂ ಸತ್ತಿದೆ ಎಂದು ಮಾಂಸ ಹಂಚಿಕೊಂಡವರ ಮೇಲೆ ಕೇಸ್ ಬೀಳುತ್ತದೆ. ನಾಯಿ ಕಚ್ಚಿದ ಜಿಂಕೆಯ ಜೊಲ್ಲು, ರಕ್ತ ಕೈಗೆ ತಾಗಿದ್ದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಕಚ್ಚಿದ ನಾಯಿಗೆ ಹುಚ್ಚು ಇತ್ತೋ ಇಲ್ಲವೋ ಹೇಳುವವರು ಯಾರು?

ಜಿಂಕೆ ಗಾಯಗೊಳ್ಳದ ಹಾಗೆ ನೋಡಿಕೊಳ್ಳುವುದರಲ್ಲಿ ನಿಮ್ಮ ಕೈಯಲ್ಲೇ ಇರುವ ಕೆಲಸಗಳಿವೆ. ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ಕೋರ್ಟ್ ಆದೇಶದಂತೆ ನಿರ್ಬಂಧವಿದೆ. ಭಾರಿ ಗಾಡಿಗಳಿಗೆ ಸಂಜೆ 6ರಿಂದ, ಸಣ್ಣ ಗಾಡಿಗಳಿಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ. ಆದರೆ ಜಿಂಕೆಗಳು ರಸ್ತೆ ದಾಟುವುದು ಮುಂಜಾನೆ, ಮುಸ್ಸಂಜೆಯಲ್ಲೇ ಜಾಸ್ತಿ. ಹಾಸನೂರು ದಾಟುವಾಗ ಆ ಹೊತ್ತಿನಲ್ಲಿ ನಿಧಾನ ಹೋಗಿ. ಒಂದು ಜಿಂಕೆ ದಾಟಿದರೆ ಹಿಂದೆ ಇನ್ನೂ ಇರುತ್ತವೆ. ಹೊಲದ ಬಾವಿಗೆ ಕಟ್ಟೆ ಇಲ್ಲದಿದ್ದರೆ ಬೇಲಿಯಾದರೂ ಹಾಕಿ. ಕಾವಲಿಗೆ ಸಾಕಿದ ನಾಯಿಗಳನ್ನು ರಾತ್ರಿ ಕಾಡಿನ ಕಡೆ ಬಿಡಬೇಡಿ, ಹೊಟ್ಟೆ ತುಂಬ ಊಟ ಹಾಕಿ ಮನೆ ಹತ್ತಿರವೇ ಇಟ್ಟುಕೊಳ್ಳಿ.