ಎನ್‌ಎ ಆದ ಹೊಲದಲ್ಲಿ ಡ್ರೈವ್-ಥ್ರೂ ಹೋಟೆಲ್: ಕೆಲಸ ನಿಲ್ಲುವುದು ಎಲ್ಲಿ?

ಪ್ರಶ್ನೆ: ಬಳ್ಳಾರಿ ಊರ ಹೊರಗ, ಹೊಸಪೇಟೆ ಕಡೆ ಹೋಗೋ ಹೆದ್ದಾರಿಗೆ ಹತ್ತಿ ನಮ್ಮದೊಂದು ಎಕರೆ ಹೊಲ ಐತ್ರಿ. ಎನ್‌ಎ ಆಗೇತಿ. ಕಾರಿಂದ ಇಳೀದನ ಚಹಾ, ತಿಂಡಿ ತಗೊಂಡು ಹೋಗುವಂಥ ಡ್ರೈವ್-ಥ್ರೂ ಹಾಕಬೇಕಂತ ಮಾಡೇವಿ. ಎನ್‌ಎ ಇದ್ರ ಸಾಕೇನ್ರಿ, ಮತ್ತೇನರ ಬೇಕಾ?

ಉತ್ತರ: ಸಾಲದು. ಎನ್‌ಎ ಎಂದರೆ ಹೊಲವನ್ನು ಕೃಷಿಯೇತರ ಕೆಲಸಕ್ಕೆ ಬಳಸಲು ಕಂದಾಯ ಇಲಾಖೆ ಕೊಟ್ಟ ಒಪ್ಪಿಗೆ ಅಷ್ಟೇ. ಅಲ್ಲಿ ಯಾವ ಕಟ್ಟಡ ಬರಬಹುದು ಎನ್ನುವುದು ಯೋಜನಾ ಪ್ರಾಧಿಕಾರದ ಮಾತು. ರಸ್ತೆಯಿಂದ ಗಾಡಿ ಒಳಗೆ ಬರಬಹುದೇ ಎನ್ನುವುದು ರಸ್ತೆ ಯಾರದೋ ಅವರ ಮಾತು. ಡ್ರೈವ್-ಥ್ರೂ ವಿಷಯದಲ್ಲಿ ಮೊದಲೆರಡು ಹೇಗೋ ದಾಟುತ್ತವೆ, ಮೂರನೆಯದರಲ್ಲಿ ಕೆಲಸ ನಿಲ್ಲುತ್ತದೆ.

ಮೊದಲು ಕೈಯಲ್ಲಿರುವ ಆದೇಶವನ್ನೇ ಓದಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೊಡುವ ಭೂ ಪರಿವರ್ತನೆ ಆದೇಶದಲ್ಲಿ ಉದ್ದೇಶ ಏನೆಂದು ಬರೆದಿರುತ್ತದೆ. ‘ವಾಸದ ಉದ್ದೇಶ’ ಎಂದಿದ್ದರೆ ಅಲ್ಲಿ ಹೋಟೆಲ್ ಕಟ್ಟುವಂತಿಲ್ಲ; ವಾಣಿಜ್ಯ ಉದ್ದೇಶಕ್ಕೆ ಬದಲಿಸಿಕೊಳ್ಳಬೇಕು. ಸೈಟು ಮಾಡುವ ಆಸೆಗೆ ಹಿಂದೆಂದೋ ಮಾಡಿಸಿಟ್ಟ ಎನ್‌ಎಗಳಲ್ಲಿ ಈ ತೊಡಕು ಹೆಚ್ಚು. ಸರ್ವೆ ನಂಬರಿನ ಒಂದು ಭಾಗ ಮಾತ್ರ ನಿಮ್ಮದಾಗಿದ್ದರೆ 11ಇ ನಕ್ಷೆಯ (ಆ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಗಡಿಯೂ ನೆಲದ ಮೇಲಿನ ಬದುವೂ ತಾಳೆಯಾಗುತ್ತವೆಯೇ ನೋಡಿ. ಹೆದ್ದಾರಿ ಅಗಲಿಸುವಾಗ ಭೂಸ್ವಾಧೀನ ಆಗಿದ್ದರೆ ಪಹಣಿಯಲ್ಲಿ ಉಳಿದಿರುವ ವಿಸ್ತೀರ್ಣ ನೀವು ಅಂದುಕೊಂಡಷ್ಟು ಇರಲಿಕ್ಕಿಲ್ಲ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯವರಾದರೆ ತುಂಗಭದ್ರಾ ಅಚ್ಚುಕಟ್ಟಿನ ಪ್ರಶ್ನೆಯೂ ಬರುತ್ತದೆ. ಹೊಲಗಾಲುವೆ ನಿಮ್ಮ ಜಾಗದೊಳಗೆ ಹಾದಿದ್ದರೆ ಮುಚ್ಚುವ ಯೋಚನೆ ಬೇಡ, ಪೈಪ್ ಹಾಕಿ ನೀರು ದಾಟಿಸುವುದನ್ನು ನಕ್ಷೆಯಲ್ಲೇ ತೋರಿಸಿ.

ಎರಡನೆಯದು ವಲಯ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಸ್ಥಳೀಯ ಯೋಜನಾ ಪ್ರದೇಶದೊಳಗಿನ ಜಮೀನಿಗೆ ಮಹಾ ಯೋಜನೆ (ಮಾಸ್ಟರ್ ಪ್ಲಾನ್), ಅಂದರೆ ಯಾವ ಜಾಗ ಯಾವ ಉಪಯೋಗಕ್ಕೆ ಎಂದು ವಲಯ ಗುರುತಿಸಿದ ಯೋಜನೆ, ಅನ್ವಯಿಸುತ್ತದೆ. ಬಳ್ಳಾರಿ ಸುತ್ತ ಅದನ್ನು ನೋಡಿಕೊಳ್ಳುವುದು ಬುಡಾ, ಅಂದರೆ ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ. ಸರ್ವೆ ನಂಬರ್ ಕೊಟ್ಟು ಭೂ ಉಪಯೋಗದ ಬಗ್ಗೆ ಲಿಖಿತ ಪತ್ರ ಪಡೆಯಿರಿ. ಕೌಂಟರಿನಲ್ಲಿ ಬಾಯಿಮಾತಿಗೆ ‘ಆಗ್ತದ ತಗೋರಿ’ ಎಂದದ್ದನ್ನು ನಂಬಿ ಪಾಯ ತೋಡಬೇಡಿ. ವಲಯ ನಿಯಮಾವಳಿಯಲ್ಲಿ ಪ್ರತಿ ವಲಯಕ್ಕೂ ಎರಡು ಪಟ್ಟಿ ಇರುತ್ತವೆ: ನೇರವಾಗಿ ಅನುಮತಿ ಇರುವ ಉಪಯೋಗಗಳು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಅನುಮತಿಸಬಹುದಾದ ಉಪಯೋಗಗಳು. ಅಲ್ಲಿ ‘ಡ್ರೈವ್-ಥ್ರೂ’ ಎಂಬ ಹೆಸರು ಹುಡುಕುತ್ತ ಕೂರುವುದು ವ್ಯರ್ಥ. ಅರ್ಜಿ ಹೋಟೆಲ್ ಅಥವಾ ಉಪಾಹಾರ ಗೃಹ ಎಂದೇ ಹೋಗಬೇಕು, ಅದು ಯಾವ ಪಟ್ಟಿಯಲ್ಲಿದೆ ನೋಡಿ. ಎರಡರಲ್ಲೂ ಇಲ್ಲದಿದ್ದರೆ 14ಎ ಕಲಂ ಪ್ರಕಾರ ಭೂ ಉಪಯೋಗ ಬದಲಾವಣೆಯೇ ದಾರಿ. ಅದಕ್ಕೆ ಸಾರ್ವಜನಿಕ ಪ್ರಕಟಣೆ, ಆಕ್ಷೇಪಣೆ, ಸರ್ಕಾರದ ಒಪ್ಪಿಗೆ ಎಲ್ಲ ಬೇಕು. ಅಷ್ಟು ದೂರ ಹೋಗುವ ಮೊದಲು ಬೇರೆ ಜಾಗ ನೋಡುವುದು ಜಾಣತನ.

ಯೋಜನಾ ಪ್ರದೇಶದ ಹೊರಗಾದರೆ ಕಟ್ಟಡ ಪರವಾನಗಿ ಗ್ರಾಮ ಪಂಚಾಯಿತಿಯಿಂದ. ಆನೆಗೊಂದಿ, ಸಣಾಪುರ ಕಡೆ ಜಾಗ ಇರುವವರಿಗೆ ಇನ್ನೊಂದು ಬಾಗಿಲಿದೆ: ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. ಅಲ್ಲಿಯ ನಿಯಮ ಬಿಗಿ, ಪಂಚಾಯಿತಿ ಕಾಗದವೊಂದನ್ನೇ ನೆಚ್ಚಿ ಕಟ್ಟಿದರೆ ಕೆಡವಿಸುತ್ತಾರೆ.

ಈಗ ರಸ್ತೆ. ನಿಮ್ಮದು ರಾಷ್ಟ್ರೀಯ ಹೆದ್ದಾರಿ 67. ಹೆದ್ದಾರಿಗೆ ಜಮೀನು ಹತ್ತಿಕೊಂಡಿದೆ ಎಂದ ಮಾತ್ರಕ್ಕೆ ಗೇಟು ಇಡುವ ಹಕ್ಕು ಬರುವುದಿಲ್ಲ. 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ (ಭೂಮಿ ಮತ್ತು ಸಂಚಾರ) ಕಾಯ್ದೆ ಪ್ರಕಾರ ಪ್ರವೇಶಕ್ಕೆ ಪ್ರತ್ಯೇಕ ಅನುಮತಿ ಬೇಕು. ಆ ಭಾಗದ ರಸ್ತೆ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿದೆಯೋ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗದ ಕೈಯಲ್ಲಿದೆಯೋ ಮೊದಲು ತಿಳಿದುಕೊಳ್ಳಿ. ಅರ್ಜಿಯಲ್ಲಿ ಊರ ಹೆಸರಿಗಿಂತ ಕಿಲೋಮೀಟರ್ ಸಂಖ್ಯೆ ಮತ್ತು ಎಡಬಲ ಮುಖ್ಯ. ರಸ್ತೆ ಬದಿಯ ನೀರು ಹರಿಯಲು ಗೇಟಿನ ಕೆಳಗೆ ಮೋರಿ ಕಟ್ಟುವುದು ನಿಮ್ಮದೇ ಖರ್ಚು. ಸರ್ವಿಸ್ ರಸ್ತೆ ಇದ್ದರೆ ಗೇಟನ್ನು ಅದಕ್ಕೇ ತೋರಿಸಿ. ನಡುವಿನ ಡಿವೈಡರ್ ನಿಮ್ಮ ಹೋಟೆಲ್‌ಗಾಗಿ ಒಡೆಯುವುದಿಲ್ಲ. ವ್ಯಾಪಾರದ ಲೆಕ್ಕ ಹಾಕುವಾಗ ಒಂದು ದಿಕ್ಕಿನ ಗಾಡಿಗಳನ್ನಷ್ಟೇ ಎಣಿಸಿ.

ಕಟ್ಟಡ ರೇಖೆ ಎಂಬುದೂ ಇದೆ, ರಸ್ತೆಯಿಂದ ಆ ಗೆರೆಯವರೆಗೆ ಏನೂ ಕಟ್ಟುವಂತಿಲ್ಲ. ಊರ ಹೊರಗಿನ ಬಯಲಲ್ಲಿ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಗೆ ರಸ್ತೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆ ರಸ್ತೆ ಮಧ್ಯದಿಂದ 40 ಮೀಟರ್. 75 ಮೀಟರ್‌ವರೆಗೆ ನಿಯಂತ್ರಣ ರೇಖೆ, ಅಂದರೆ ಅಲ್ಲಿಯವರೆಗಿನ ಕಟ್ಟಡದ ಮೇಲೂ ಹಿಡಿತ ಇರುತ್ತದೆ. ಹೆದ್ದಾರಿ ಜಾಗದ ಒಟ್ಟು ಅಗಲ 60 ಮೀಟರ್ ಇದ್ದರೆ ನಿಮ್ಮ ಗಡಿ ಮಧ್ಯದಿಂದ 30 ಮೀಟರಿಗೆ ಬರುತ್ತದೆ, ಅಂದರೆ ನಿಮ್ಮದೇ ಹೊಲದ ಮೊದಲ 10 ಮೀಟರಿನಲ್ಲಿ ಗೋಡೆ, ತಗಡಿನ ನೆರಳು, ಕಂಬದ ಬೋರ್ಡು ಏನೂ ಬೇಡ. ಬಿಸಿಲಿಗೆಂದು ಆಮೇಲೆ ಹಾಕುವ ನೆರಳೇ ಮಂಜೂರಾದ ನಕ್ಷೆಯನ್ನು ಕೆಡಿಸುವುದು. ಬಳ್ಳಾರಿ ಬಿಸಿಲಲ್ಲಿ ನೆರಳು ಬೇಕೇ ಬೇಕು, ಹಾಗಾಗಿ ಮೊದಲ ನಕ್ಷೆಯಲ್ಲೇ ಬರೆಸಿ.

ಇನ್ನು ಸಾಲು. ಎಲ್ಲ ಇಲಾಖೆಗಳ ಭಯ ಒಂದೇ: ಕಾರಿನ ಸಾಲು ಹೆದ್ದಾರಿಗೆ ಬಂದು ನಿಂತರೆ? ಹಿಂದೆ ಅದಿರಿನ ಲಾರಿ ಬರುತ್ತಿದ್ದರೆ? ಈ ಭಯಕ್ಕೆ ನಕ್ಷೆಯಲ್ಲೇ ಉತ್ತರ ಇರಬೇಕು. ಒಂದು ಕಾರಿಗೆ ಅಂತರ ಸೇರಿ 6 ಮೀಟರ್ ಹಿಡಿಯಿರಿ. ಕಿಟಕಿಯ ಮುಂದೆ ಪ್ರತಿ ಕಾರು 90 ಸೆಕೆಂಡ್ ನಿಂತರೆ ಗಂಟೆಗೆ 40 ಕಾರು ದಾಟುತ್ತವೆ. ಬಿಸಿ ದೋಸೆಗೆ 3 ನಿಮಿಷ ಕಾಯಿಸಿದರೆ ಅದು 20ಕ್ಕೆ ಇಳಿಯುತ್ತದೆ, ಸಾಲು ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಕಿಟಕಿಯಲ್ಲಿ ಚಹಾ, ಒಗ್ಗರಣಿ-ಮಿರ್ಚಿಯಂಥ ಸಿದ್ಧ ತಿಂಡಿ ಇರಲಿ. ದೋಸೆ ಬೇಕೆಂದವರಿಗೆ ಕಿಟಕಿ ದಾಟಿದ ಮೇಲೆ ಎರಡು ಕಾರು ನಿಲ್ಲುವಷ್ಟು ಜಾಗ ಬಿಡಿ. 10 ಕಾರಿನ ಸಾಲು, ಅಂದರೆ 60 ಮೀಟರ್, ಗೇಟಿನ ಒಳಗೇ ಹಿಡಿಯಬೇಕು. ಆರ್ಡರ್ ಹೇಳುವ ಜಾಗ ಕಿಟಕಿಗಿಂತ ನಾಲ್ಕು ಕಾರು ಹಿಂದಿರಲಿ.

ಅಂತರ್ಜಾಲದಲ್ಲಿ ಸಿಗುವ ಅಮೆರಿಕದ ನಕ್ಷೆಗಳನ್ನು ಹಾಗೇ ಇಳಿಸಬೇಡಿ. ಅವರ ಚಾಲಕ ಎಡಕ್ಕೆ ಕೂರುತ್ತಾನೆ, ನಮ್ಮವನು ಬಲಕ್ಕೆ. ನಮ್ಮಲ್ಲಿ ಕಟ್ಟಡ ಕಾರಿನ ಬಲಕ್ಕಿರಬೇಕು, ಗುಡಿಯ ಪ್ರದಕ್ಷಿಣೆ ಹಾಕಿದ ಹಾಗೆ. ಮೊದಲು ಸಿಗುವ ಗೇಟಿನಿಂದ ಎಡಕ್ಕೆ ಒಳಬಂದು, ಕಟ್ಟಡದ ಹಿಂದೆ ಸುತ್ತಿ, ಮೂರನೇ ಮಗ್ಗುಲಿನ ಕಿಟಕಿ ದಾಟಿ, ಮುಂದಿನ ಗೇಟಿನಿಂದ ಮತ್ತೆ ಎಡಕ್ಕೆ ಹೊರಗೆ. ನೇರ ಓಣಿಗೆ 3.5 ಮೀಟರ್ ಅಗಲ ಸಾಕು, ತಿರುವಿನಲ್ಲಿ 4.5 ಬೇಕು, ಒಳತಿರುವಿನ ತ್ರಿಜ್ಯ 6 ಮೀಟರ್. ಇದೆಲ್ಲ 30 x 40 ಮೀಟರಿನಲ್ಲಿ, ಅಂದರೆ ಸುಮಾರು 12 ಗುಂಟೆಯಲ್ಲಿ ಕೂರುತ್ತದೆ. ಕಟ್ಟಡ ರೇಖೆಗೆ ಬಿಡುವ ಜಾಗ, ಪಾರ್ಕಿಂಗ್ ಇದರ ಹೊರಗೆ. ಸಾಲಿನ ಓಣಿಯನ್ನೇ ಪಾರ್ಕಿಂಗ್ ಎಂದು ತೋರಿಸುವ ಆಸೆ ಬೇಡ. ಒಂದೆಕರೆಯಲ್ಲಿ ನಿಮಗೆ ಇಕ್ಕಟ್ಟಾಗುವುದಿಲ್ಲ.

ಬೈಕಿಗೆ ಬೇರೆ ಕೌಂಟರ್ ಇಡಿ, ಕಾರಿನ ಸಾಲಲ್ಲಿ ಬೈಕು ನುಸುಳಿದರೆ ಕಿಟಕಿ ಕೆಲಸ ನಿಧಾನವಾಗುತ್ತದೆ. ಲಾರಿ ನುಗ್ಗದಂತೆ ಎತ್ತರದ ಅಡ್ಡಪಟ್ಟಿ ಹಾಕುವುದಾದರೆ ಅದು ತೆರೆಯುವಂತಿರಲಿ, ಅಗ್ನಿಶಾಮಕ ವಾಹನ ಒಳಗೆ ಬರಬೇಕಲ್ಲ. ಎರಿ ಹೊಲವಾದರೆ ಓಣಿಯ ಕೆಳಗಿನ ಎರಿಮಣ್ಣು ಅರ್ಧ ಮೀಟರಿನಷ್ಟಾದರೂ ತೆಗೆದು ಗರಸು ತುಂಬಿ ರೋಲರ್ ಹೊಡೆಸಿ. ಇಲ್ಲದಿದ್ದರೆ ಮಳೆಗಾಲಕ್ಕೆ ಮಣ್ಣು ಉಬ್ಬಿ, ಬೇಸಿಗೆಗೆ ಬಿರಿದು, ಕಾಂಕ್ರೀಟ್ ತುಂಡಾಗುತ್ತದೆ.

ಕಟ್ಟಡ ಎದ್ದ ಮೇಲೆ ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಥವಾ ಪರವಾನಗಿ ಇದ್ದದ್ದೇ.

‘ಇಷ್ಟೆಲ್ಲ ಯಾಕೆ, ಪರಿಚಯದವರ ಪೆಟ್ರೋಲ್ ಬಂಕ್ ಒಳಗೇ ಒಂದು ಕಿಟಕಿ ಹಾಕಿದರೆ?’ ಎಂದು ಕೇಳುವವರೂ ಇದ್ದಾರೆ. ಬಂಕಿನ ಪ್ರವೇಶ ಅನುಮತಿ ಬಂಕಿಗೆ ಕೊಟ್ಟದ್ದು. ಅದರ ಒಳನಕ್ಷೆಗೆ ಪೆಟ್ರೋಲಿಯಂ ನಿಯಮಗಳಡಿ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೋದ ಮಂಜೂರಾತಿ ಇರುತ್ತದೆ, ಬದಲಿಸಬೇಕಾದರೆ ತೈಲ ಕಂಪನಿಯ ಮೂಲಕವೇ ಹೋಗಬೇಕು. ಒಲೆ, ಎಣ್ಣೆ ಬಾಣಲೆ ಇಡುವ ಅಡುಗೆಮನೆಗೆ ಅಲ್ಲಿ ಒಪ್ಪಿಗೆ ಸಿಗುವುದು ಕಷ್ಟ. ಬೇರೆಡೆ ಮಾಡಿದ ತಿಂಡಿಯನ್ನು ತಂದು ಮಾರುವ ಮಳಿಗೆಯಾದರೆ ಕೇಳಿ ನೋಡಬಹುದು.